ಹೋಳಿಗೆಗೆ ಬಡಿಸಿದ ತುಪ್ಪ

ಹಂದಿ ಮಾಂಸದಷ್ಟು ಸಲೀಸಾದ ಅಡುಗೆ ಇನ್ನೊಂದಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ. ಕುರಿಯ ಮಾಂಸ ಬೇಯಲು ಸತಾಯಿಸುತ್ತದೆ. ಕೋಳಿ ಸ್ವಲ್ಪ ಹೆಚ್ಚು ಬೆಂದರೆ ನಾರುನಾರಾಗುತ್ತದೆ. ಮೀನಿನದಂತೂ ಹೇಳುವುದೇ ಬೇಡ, ತಿರುವಿ ಹಾಕುವಷ್ಟರಲ್ಲಿ ಮುರಿದು ಕೂತಿರುತ್ತದೆ. ಹಂದಿಯದು ಹಾಗಲ್ಲ, ಅದಕ್ಕೆ ಎಣ್ಣೆ ಕೂಡ ಬೇಡ, ತನ್ನ ಚರ್ಬಿಯಲ್ಲಿ ತಾನೇ ಬೇಯುತ್ತದೆ. ಅರಿಸಿನ, ಉಪ್ಪು ಸವರಿ ಕುಕ್ಕರಿಗೆ ಹಾಕಬೇಕು. ಅದು ಸೀಟಿ ಹೊಡೆಯುವಷ್ಟರಲ್ಲಿ ಒಂದು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಗ್ಯಾಸಿನ ಉರಿಯಲ್ಲಿ ಸುಟ್ಟು, ಒಣಕೊಬ್ಬರಿ, ಬೆಳ್ಳುಳ್ಳಿ, ಕೊತ್ತಂಬರಿ ಕಾಳಿನ ಜೊತೆ ರುಬ್ಬಿ, ಮಸಾಲೆ ಖಾರ ಸೇರಿಸಿ ಕುದಿಸಿದರೆ ಮುಗಿಯಿತು. ಪುಂಡಿ ಸೊಪ್ಪು ಸಿಕ್ಕ ದಿನ ಮಸಾಲೆಯ ಗೊಡವೆಯೂ ಬೇಡ. ಹಸಿಮೆಣಸಿನಕಾಯಿಯ ಜೊತೆ ಸೊಪ್ಪನ್ನು ಅದರಲ್ಲೇ ಬಾಡಿಸಿದರೆ ಹುಳಿ ತಾನಾಗಿ ಬರುತ್ತದೆ. ಶಾಲೆಯಲ್ಲಿ ಇಡೀ ದಿನ ಕೂಗಿ ಗಂಟಲು ಒಣಗಿಸಿಕೊಂಡು ಬಂದ ಸಂಜೆಯೂ ನಾನು ಇದನ್ನು ಮಾಡಿ, ಬಿಸಿ ಜೋಳದ ರೊಟ್ಟಿಯ ಜೊತೆ ಎಲ್ಲರಿಗೂ ಬಡಿಸಿದ್ದೇನೆ.

ಕಷ್ಟವೆಲ್ಲ ಅದರ ವಾಸನೆಯದು. ನಾನು ಹುಟ್ಟಿ ಬೆಳೆದದ್ದು ಮೂಡಲಗಿ ಹತ್ತಿರದ ನಾಗನೂರಿನಲ್ಲಿ. ನಮ್ಮ ಓಣಿಯವರೆಲ್ಲ ನಮ್ಮ ಹಾಗೆಯೇ ದೀಕ್ಷೆ ತೆಗೆದುಕೊಂಡ ಬೌದ್ಧರು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅಲ್ಲಿ ಗುಟ್ಟಲ್ಲ. ನಮ್ಮವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ ಪಾತ್ರೆ ಇಟ್ಟರೆ, ಹಾದುಹೋಗುವವರು ನಿಂತು, ಉಪ್ಪು ಹಿಡಿದಿದೆಯೋ ಇಲ್ಲವೋ ನೋಡುವ ನೆಪದಲ್ಲಿ ಒಂದು ತುಂಡು ಬಾಯಿಗೆ ಹಾಕಿಕೊಂಡೇ ಮುಂದೆ ಹೋಗುತ್ತಿದ್ದರು. ಮದುವೆಯಾಗಿ ಗೋಕಾಕಿಗೆ ಬಂದ ಮೊದಲ ಭಾನುವಾರ ಕಂಡದ್ದೇ ಬೇರೆ. ಗಂಡ ಚೀಲ ಹಿಡಿದು ಒಳಗೆ ಬಂದದ್ದೇ ತಡ, ಅತ್ತೆ ಬಾಗಿಲಿಗೆ ಚಿಲಕ ಹಾಕಿದರು, ಕಿಟಕಿಗಳನ್ನೆಲ್ಲ ಮುಚ್ಚಿದರು, ಮೂಲೆಮೂಲೆಗೆ ಊದುಬತ್ತಿ ಹಚ್ಚಿದರು, ಎಲುಬು ಕಡಿಯುವ ಸದ್ದು ಕೇಳದಿರಲಿ ಎಂದು ಟಿವಿಯ ದನಿ ಏರಿಸಿದರು. ಏನು ಅನಾಹುತವಾಯಿತೋ ಎಂದು ನಾನು ಹೊಸ ಸೀರೆಯ ಸೆರಗು ಹಿಡಿದುಕೊಂಡು ದಂಗಾಗಿ ನಿಂತಿದ್ದೆ.

"ಏನಾತ್ರಿ ಅತ್ತಿ?" ಎಂದೆ.

"ಏನೂ ಆಗಿಲ್ಲವ್ವಾ. ಬಾಜೂ ಮನಿಗಿ ವಾಸನಿ ಹೋಗಬಾರ್ದು. ಇದು ನಿಮ್ಮ ನಾಗನೂರಲ್ಲ," ಎಂದರು.

ನಮ್ಮದು ವ್ಯಾಪಾರಸ್ಥರ ಓಣಿ. ಎಡಕ್ಕೂ ಬಲಕ್ಕೂ ಲಿಂಗವಂತರ ಮನೆಗಳು. ಒಳ್ಳೆಯ ಜನ, ಕಷ್ಟಸುಖಕ್ಕೆ ಆಗುವವರು. ನಾವು ಕೋಳಿ ತಿನ್ನುತ್ತೇವೆಂದು ಅವರಿಗೆ ಗೊತ್ತು, ಗೊತ್ತಿಲ್ಲದವರಂತೆ ಇರುತ್ತಾರೆ. ಆದರೆ ಹಂದಿಯ ಮಾತು ಬೇರೆ. ಕುರಿ ತಿನ್ನುವವರೇ ಹಂದಿ ತಿನ್ನುವವರನ್ನು ಕಂಡರೆ ಮೂಗು ಮುಚ್ಚುವ ಊರಿನಲ್ಲಿ, ಏನೂ ತಿನ್ನದವರ ನಡುವೆ ಮನೆ ಕಟ್ಟಿಕೊಂಡ ಅತ್ತೆಯ ಹೆದರಿಕೆ ನನಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾದರೂ ಸಿಟ್ಟು ಬರುತ್ತಿತ್ತು. ತಿನ್ನುವುದು ನಮ್ಮ ಮನೆಯಲ್ಲಿ, ನಮ್ಮ ದುಡಿಮೆಯಲ್ಲಿ, ಹೆದರುವುದು ಮಾತ್ರ ಕಳ್ಳರ ಹಾಗೆ! ಬೈಯುತ್ತಾ ಬೈಯುತ್ತಾ ನಾನೂ ಆ ಕಳ್ಳಾಟದಲ್ಲಿ ಪಳಗಿದೆ. ಅತ್ತೆಗಿಂತ ಒಂದು ಕೈ ಮೇಲೇ ಆದೆ ಎನ್ನಬೇಕು.

ಚರ್ಬಿಯ ಡಬ್ಬಿ ನನ್ನದೇ ಉಪಾಯ. ಮಾಂಸದ ಜೊತೆ ಬರುವ ಹೆಚ್ಚಿನ ಚರ್ಬಿಯನ್ನು ಬಿಸಾಡಲು ನನಗೆ ಮನಸ್ಸು ಬರುವುದಿಲ್ಲ. ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ ಇಟ್ಟರೆ ತಣ್ಣಗಾದ ಮೇಲೆ ಬೆಳ್ಳಗೆ ಗಟ್ಟಿಯಾಗುತ್ತದೆ. ವಾರದ ದಿನಗಳಲ್ಲಿ ಒಂದು ಚಮಚ ಬಾಣಲೆಗೆ ಹಾಕಿ ಬರೀ ಬದನೆಕಾಯಿ ಹುರಿದರೂ ಊಟಕ್ಕೆ ಬೇರೆ ಕಳೆ ಬರುತ್ತದೆ. ಆದರೆ ಪಕ್ಕದ ಮನೆಯಾಕೆ ಪೂಜೆಯ ಹೂವು ಇಡಲು ನಮ್ಮ ಫ್ರಿಜ್ ತೆರೆಯುತ್ತಾಳೆ. ಅವಳ ಕಣ್ಣಿಗೆ ಬೀಳದಿರಲಿ ಎಂದು, ತುಪ್ಪದ ಸ್ಟೀಲ್ ಡಬ್ಬಿ ಎಂಥದೋ ಅಂಥದೇ ಇನ್ನೊಂದು ಡಬ್ಬಿ ತಂದು ಅದರಲ್ಲಿ ಚರ್ಬಿ ತುಂಬಿಟ್ಟೆ. ತುಪ್ಪದ್ದು ಹಿಂದೆ, ಚರ್ಬಿಯದು ಮುಂದೆ. ಈ ಲೆಕ್ಕ ನನಗೊಬ್ಬಳಿಗೇ ಗೊತ್ತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ಹಿಟ್ಟು ನಾದುತ್ತಿದ್ದರು, ಫ್ರಿಜ್‌ನ ತಂಟೆಗೆ ಮಾತ್ರ ಬರುತ್ತಿರಲಿಲ್ಲ.

ಈ ಕಳ್ಳಾಟವನ್ನು ಒಪ್ಪದವಳು ಮನೆಯಲ್ಲಿ ಒಬ್ಬಳೇ, ನನ್ನ ನಾದಿನಿ. ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ರೋಗಿಯ ಎದುರು ಬೆಣ್ಣೆಯಂಥ ಮಾತು, ಮನೆಯಲ್ಲಿ ಬೆಂಕಿ. ಸೋಮವಾರ ತನ್ನ ಡಬ್ಬಿಯಲ್ಲಿ ಭಾನುವಾರ ಉಳಿದ ಖಂಡದ ಪಲ್ಯವನ್ನೇ ಒಯ್ಯುತ್ತಿದ್ದಳು. "ಯಾರರ ಕೇಳಿದ್ರ?" ಎಂದು ಅತ್ತೆ ಗಾಬರಿಯಾದರೆ, "ಕೇಳಿದ್ರ ಹೇಳ್ತೇನಿ. ಬೇಕಂದ್ರ ಕೊಡ್ತೇನಿ," ಎನ್ನುತ್ತಿದ್ದಳು. ಬೇಕು ಎಂದವನೊಬ್ಬ ಸಿಕ್ಕೂಬಿಟ್ಟ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗ, ಹುಕ್ಕೇರಿಯವನು, ನಮ್ಮವನೇ. ಎರಡು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡ ಮೇಲೆ ನಾದಿನಿ ಮನೆಯಲ್ಲಿ ಹೇಳಿದಳು, "ಮದುವಿ ಆದ್ರ ಅವನ್ನ ಆಗಾಕಿ. ಇಲ್ಲಾಂದ್ರ ಹಿಂಗ ಇರ್ತೇನಿ."

ಜಾತಿಯ ತೊಡಕಿಲ್ಲ, ಕೆಲಸವಿದೆ, ಹುಡುಗ ಶಾಂತ. ಅತ್ತೆಗೆ ಸ್ವರ್ಗ ಮೂರೇ ಗೇಣು. ಹುಡುಗನಿಗೆ ತಂದೆ ಇಲ್ಲ, ತಾಯಿ ಒಬ್ಬರೇ, ನಿವೃತ್ತ ಶಿಕ್ಷಕಿ. ಕನ್ಯೆ ನೋಡಲು ಬರುವ ಮಾತಾಡಲು ಅವರೇ ಫೋನ್ ಮಾಡಿದರು. ಅತ್ತೆ ಸ್ಪೀಕರ್ ಹಾಕಿದ್ದರಿಂದ ನಾವೂ ಕೇಳಿದೆವು.

"ಒಂದ ಮಾತ ಮೊದ್ಲ ಹೇಳ್ತೇನ್ರಿ. ನಮ್ಮದು ಪೂರಾ ಶಾಖಾಹಾರಿ ಮನಿ. ತತ್ತಿ ಸೈತ ಒಳಗ ಬರಂಗಿಲ್ಲ. ನಿಮ್ಮ ಹುಡಿಗಿಗಿ ನಡೀತೈತೇನ್ರಿ?"

ನಾನು ನಾದಿನಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆಗ ಅತ್ತೆ, ಕಣ್ಣು ಮಿಟುಕಿಸದೆ, "ಅಯ್ಯ ಅಕ್ಕಾರ, ನಮ್ಮದೂ ಹಂಗ ಐತ್ರಿ. ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ರಿ," ಎಂದುಬಿಟ್ಟರು! ನನ್ನ ಕೈಯಲ್ಲಿದ್ದ ಚಹಾದ ಬಸಿ ಹಾಗೇ ನಿಂತಿತು. ಹಿಂದಿನ ದಿನವಷ್ಟೇ ಎಲುಬಿನೊಳಗಿನ ಮಜ್ಜೆಯನ್ನು ಸುರ್ ಎಂದು ಎಳೆದುಕೊಂಡ ಬಾಯಿ ಅದು.

ಫೋನ್ ಇಟ್ಟಮೇಲೆ ಮನೆಯಲ್ಲಿ ರಣರಂಗವಾಯಿತು. "ಹುಡುಗ ನನ್ನ ಡಬ್ಬ್ಯಾಗ ತಿಂತಾನ ಯವ್ವಾ, ಅವರವ್ವಗ ಗೊತ್ತಿಲ್ಲ ಅಷ್ಟ. ಅಂವಾ ಹೇಳ್ತೇನಿ ಅಂದಿದ್ದಾ. ನೀ ಯಾಕ ಸುಳ್ಳ ಹೇಳ್ದಿ?" ಎಂದು ನಾದಿನಿ ಕೂಗಾಡಿದಳು. "ಮದುವಿ ಆಗೂತನಕ ಬಾಯಿ ಮುಚ್ಕೊಂಡ ಇರು. ಒಮ್ಮೆ ತಾಳಿ ಬಿದ್ದಮ್ಯಾಲ ಯಾರ ಏನ ಕೇಳ್ತಾರ?" ಎಂಬುದು ಅತ್ತೆಯ ನ್ಯಾಯ. ನನ್ನ ಗಂಡ ಕರೆಂಟ್ ಆಫೀಸಿನವರು. ಊರಿನ ಯಾವ ಕಂಬ ಬೇಕಾದರೂ ಏರುತ್ತಾರೆ, ತಾಯಿ-ತಂಗಿಯ ನಡುವೆ ಮಾತ್ರ ಕಾಲಿಡುವುದಿಲ್ಲ. ಅವರು ಸುಮ್ಮನೆ ಎದ್ದು ಹೊರಗೆ ಹೋದರು.

ಬರುವ ದಿನ ಭಾನುವಾರ ಎಂದು ಗೊತ್ತಾಯಿತು. ಆ ದಿನ ಒಲೆಯ ಮೇಲೆ ಖಂಡ ಏರಕೂಡದೆಂದು ಅತ್ತೆ, ಏರಲೇಬೇಕೆಂದು ನಾದಿನಿ. "ಇವತ್ತ ಮುಚ್ಚಿಟ್ಟರ ಸಾಯೂತನಕ ಮುಚ್ಚಿಡಬೇಕಾಕೈತಿ," ಎಂದು ಹಟ ಹಿಡಿದಳು. ಬೀಗರು ಬರುವುದು ಸಂಜೆಗೆ ತಾನೇ, ಮಧ್ಯಾಹ್ನದೊಳಗೆ ಉಂಡು, ತೊಳೆದು, ಮನೆಯನ್ನೆಲ್ಲ ಒರೆಸಿಬಿಡೋಣ ಎಂದು ನಾನು ನಡುವೆ ಹೋಗಿ ರಾಜಿ ಮಾಡಿಸಿದೆ. ಅತ್ತೆ ಬೆಳಿಗ್ಗೆಯೇ ಹೋಳಿಗೆ ಮಾಡಿ ಡಬ್ಬಿಗೆ ಹಾಕಿಟ್ಟಿದ್ದರು. ಬರೀ ಅವಲಕ್ಕಿ, ಚಹಾ ಕೊಟ್ಟು ಕಳಿಸಿದರೆ ಮನೆತನದ ಮಾನ ಹೋಗುತ್ತದಂತೆ.

ಕುಕ್ಕರಿನ ಸೀಟಿ ಇನ್ನೂ ನಿಂತಿರಲಿಲ್ಲ. ನಾನು ಪುಂಡಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಕಿಟಕಿಯ ಸಂದಿನಿಂದ ಇಣುಕಿದ ನಾದಿನಿ ಹಿಂದೆ ತಿರುಗಿದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ವೈನಿ, ಅವರ ಬಂದಾರ!" ಎಂದು ಪಿಸುಗುಟ್ಟಿದಳು. ಮುಚ್ಚಿಡಬಾರದು ಎಂದು ವಾರವಿಡೀ ಭಾಷಣ ಮಾಡಿದವಳು ಆ ಕ್ಷಣದಲ್ಲಿ ಎಲ್ಲರಿಗಿಂತ ಹೆಚ್ಚು ನಡುಗಿದಳು.

ಕುಕ್ಕರನ್ನು ಅರಿವೆಯಿಂದ ಹಿಡಿದುಕೊಂಡು ಹಿತ್ತಲಿನ ಬಚ್ಚಲಿಗೆ ಓಡಿದೆ. ಅದು ದಾರಿಯಲ್ಲೇ ಇನ್ನೊಂದು ಸೀಟಿ ಹೊಡೆಯಿತು. ನೀರಿನ ಹಂಡೆಯ ಪಕ್ಕದಲ್ಲಿ ಕುಕ್ಕರ್ ಇಟ್ಟು, ಮೇಲೆ ಬಕೆಟ್ಟು ಬೋರಲು ಹಾಕಿ, ಒಗೆಯುವ ಬಟ್ಟೆಗಳನ್ನು ಹೊದಿಸಿದೆ. ಒಳಗೆ ಅತ್ತೆ ಒಂದು ಕಟ್ಟು ಊದುಬತ್ತಿಯನ್ನು ಒಟ್ಟಿಗೇ ಹಚ್ಚಿದ್ದರು. ನಾನು ಹಿಂದಿರುಗಿದಾಗ ಮನೆ ಹೊಗೆಯಿಂದ ತುಂಬಿ, ಗೋಡೆಯ ಮೇಲಿನ ಬುದ್ಧನ ಪಟವೂ ಕಾಣುತ್ತಿರಲಿಲ್ಲ.

ಬಂದವರು ಇಬ್ಬರೇ, ತಾಯಿ ಮತ್ತು ಮಗ. "ಇವಂಗ ಸಂಜಿ ಡ್ಯೂಟಿ ಹಾಕ್ಯಾರ್ರಿ, ಅದಕ್ಕ ಲಗೂನ ಬಂದ್ವಿ. ತ್ರಾಸ ಆತೇನೋ ನಿಮಗ," ಎಂದರು ಆ ತಾಯಿ. ಸಣಕಲು ಮೈ, ಗಂಜಿ ಹಾಕಿದ ಹತ್ತಿ ಸೀರೆ, ತಿದ್ದಿ ತೀಡಿದ ಮಾತು. ಕೈಯಲ್ಲಿ ಕರದಂಟಿನ ಪೊಟ್ಟಣ. ಗೋಕಾಕಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಕರದಂಟನ್ನು ಗೋಕಾಕಿನವರಿಗೇ ತಂದುಕೊಟ್ಟ ಮೊದಲ ಬೀಗರು ಇವರೇ ಇರಬೇಕು. ಬೇರೆ ದಿನವಾಗಿದ್ದರೆ ನಾನು ನಾಲ್ಕು ದಿನ ನಕ್ಕಿರುತ್ತಿದ್ದೆ.

ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಇರುವುದುಂಟೇ? ಅತ್ತೆ ತಾಟು ಹಾಕಿದರು. ನಾದಿನಿ ಸೀರೆ ಉಟ್ಟುಕೊಳ್ಳಲು ಹೋದಳು. ನಾನು ಮತ್ತೆ ಬಚ್ಚಲಿಗೆ ಹೋಗಿ, ಹೊದಿಸಿದ ಬಟ್ಟೆಯ ಸಂದಿನಿಂದ ಏಳುತ್ತಿದ್ದ ಆವಿಯ ಮೇಲೆ ಇನ್ನೊಂದು ಚಾದರ ಎಳೆದು ಒಳಗೆ ಬಂದೆ. ಅಷ್ಟರಲ್ಲಿ ಅತ್ತೆ ಹೋಳಿಗೆ ಬಡಿಸಿದ್ದರು. ಒಲೆಯ ಕಟ್ಟೆಯ ಮೇಲೆ ಡಬ್ಬಿಯೊಂದು ಬಾಯಿ ತೆರೆದು ಕೂತಿತ್ತು. ಅತ್ತೆಯ ಕೈಯಲ್ಲಿ ಸಣ್ಣ ಪಾತ್ರೆ. ಅದರಿಂದ ಬಿಸಿ ತುಪ್ಪ ಧಾರಾಳವಾಗಿ ಹೋಳಿಗೆಯ ಮೇಲೆ ಬೀಳುತ್ತಿತ್ತು.

ನಾನು ಓಡಿಹೋಗಿ ಫ್ರಿಜ್ ತೆರೆದೆ. ಹಿಂದಿನ ಡಬ್ಬಿ ಅಲ್ಲೇ ಇತ್ತು. ಮುಂದಿನದು ಇರಲಿಲ್ಲ.

ಬಾಯಿ ತೆರೆದರೆ ದನಿ ಹೊರಡಲಿಲ್ಲ. ಊದುಬತ್ತಿಯ ಹೊಗೆಯಲ್ಲಿ ಅತ್ತೆಯ ಮೂಗಿಗೆ ಏನು ತಿಳಿಯಬೇಕು! ವಾಸನೆ ಮುಚ್ಚಲು ಹಚ್ಚಿದ ಊದುಬತ್ತಿಯೇ ಕೊನೆಗೆ ನಮ್ಮ ಮೂಗನ್ನೂ ಮುಚ್ಚಿತ್ತು. ತತ್ತಿಯನ್ನೂ ಒಳಗೆ ಬಿಡದ ಹೆಂಗಸಿನ ತಾಟಿನಲ್ಲಿ ಹಂದಿಯ ಚರ್ಬಿ ಹೋಳಿಗೆಯ ಸುತ್ತ ಮಡುಗಟ್ಟಿ ನಿಂತಿತ್ತು. ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವರು ಒಂದು ತುತ್ತು ಮುರಿದು ಬಾಯಿಗೆ ಇಟ್ಟಾಗಿತ್ತು. ಮಗನೂ ಇಟ್ಟಿದ್ದ.

ಇಬ್ಬರ ದವಡೆಗಳೂ ಒಮ್ಮೆಲೇ ನಿಂತವು. ಹುಡುಗ ಬೆದರಿ ನಾದಿನಿಯ ಕಡೆ ನೋಡಿದ. ಅವಳು ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದಳು, ಕಟ್ಟೆಯ ಮೇಲಿನ ಡಬ್ಬಿಯೊಳಗೆ ಬೆಳ್ಳಗೆ ಉಳಿದಿದ್ದ ಚರ್ಬಿ ನೋಡಿ ಗೋಡೆ ಹಿಡಿದುಕೊಂಡಳು. ತಾಯಿ ಮಗನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಅಗಿದು ನುಂಗಿದರು. ಇನ್ನೊಂದು ತುತ್ತು ಮುರಿದರು. ಅದನ್ನೂ ತುಪ್ಪದಲ್ಲಿ ಅದ್ದಿ, ಬಾಯಿಗಿಟ್ಟು, ನುಂಗಿದರು.

"ತುಪ್ಪ ಮನ್ಯಾಗ ಕಾಸಿದ್ದೇನ್ರಿ?" ಎಂದರು.

ಅತ್ತೆ ಉಬ್ಬಿಹೋದರು. "ಹೌದ್ರಿ ಅಕ್ಕಾರ! ನಮ್ಮ ಸೊಸಿ ಮಾಡ್ತಾಳ್ರಿ. ತವರಮನ್ಯಾಗ ಕಲ್ತ ಬಂದಾಳ. ಇನ್ನೊಂದೀಟ ಹಾಕೋರಿ," ಎಂದು ಪಾತ್ರೆ ಬಗ್ಗಿಸಿದರು.

"ಬ್ಯಾಡ ಅತ್ತಿ!" ಎಂದು ನಾನು ಕಿರುಚಿದೆ. ನನ್ನ ದನಿಗೆ ನಾನೇ ಬೆಚ್ಚಿಬಿದ್ದೆ. ಗಂಡ ಹೊರಗಿನ ಖೋಲಿಯಿಂದ ಓಡಿ ಬಂದರು.

ಆ ತಾಯಿ ನನ್ನ ಕಡೆ ನೋಡಲಿಲ್ಲ. ಮಗನಿಗೆ ಮೆಲ್ಲಗೆ ಕೇಳಿದರು, "ನಿನಗ ಹೆಂಗ ಗೊತ್ತಾತು?"

"ಏನ ಅವ್ವಾ?"

"ತುತ್ತ ಬಾಯಾಗ ಇಟ್ಟಕೂಡ್ಲೆ ಆಕಿ ಮಕಾ ನೋಡಿದ್ಯಲ್ಲ. ಇದು ಏನಂತ ನಿನಗ ಹೆಂಗ ಗೊತ್ತಾತು?"

ಹುಡುಗ ತಲೆ ತಗ್ಗಿಸಿದ. ಒಂದು ಗಳಿಗೆ ಬಿಟ್ಟು ತಲೆ ಎತ್ತಿದಾಗ ಅವನ ಮುಖ ಬದಲಾಗಿತ್ತು. ಏನೋ ಹೊಳೆದವನಂತೆ ತಾಯಿಯನ್ನು ದಿಟ್ಟಿಸಿದ. "ನಿನಗ ಹೆಂಗ ಗೊತ್ತಾತು ಅವ್ವಾ?" ಎಂದ.

ನಾನು ಆ ತನಕ ನಮ್ಮ ಮಾನದ ಬಗ್ಗೆ ಹೆದರುತ್ತಿದ್ದೆ. ಆ ಮಾತು ಕೇಳಿದ ಮೇಲೆ ನಮ್ಮ ಮಾನ, ಡಬ್ಬಿ, ಹೋಳಿಗೆ ಎಲ್ಲ ಮರೆತುಹೋಯಿತು. ಒಂದೇ ಸೂರಿನಡಿ ಇಷ್ಟು ವರ್ಷ ಬದುಕಿದ ತಾಯಿ-ಮಗ ನಮ್ಮ ಅಡುಗೆಮನೆಯಲ್ಲಿ, ಅಪರಿಚಿತರ ಎದುರು, ಒಬ್ಬರನ್ನೊಬ್ಬರು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

ಅತ್ತೆಗೆ ಇನ್ನೂ ತಲೆಬುಡ ತಿಳಿದಿರಲಿಲ್ಲ. "ಏನಾತ್ರಿ? ತುಪ್ಪ ಕೆಟ್ಟೈತೇನ?" ಎಂದು ಪಾತ್ರೆಗೆ ಬೆರಳು ಅದ್ದಿ ನೆಕ್ಕಿದರು. ಪಾತ್ರೆ ಕೈಯಿಂದ ಜಾರಿತು. "ಅಯ್ಯಯ್ಯ ನಮ್ಮವ್ವಾ!" ಎಂದು ಅಲ್ಲೇ ಕುಸಿದು, ಆ ತಾಯಿಯ ಕಾಲು ಹಿಡಿಯಲು ಹೋದರು. "ಗೊತ್ತಿಲ್ದ ಆತ್ರಿ ಅಕ್ಕಾರ. ನನ್ನ ತಪ್ಪಿಗಿ ನನ್ನ ಮಗಳಿಗಿ ಬ್ಯಾಡ ಅನಬ್ಯಾಡ್ರಿ!"

ಅವರು ಅತ್ತೆಯ ಕೈ ಹಿಡಿದು ಎಬ್ಬಿಸಿದರು, ಆದರೆ ಕಣ್ಣು ಮಗನ ಮೇಲೆಯೇ ಇತ್ತು.

"ಎಂದಿನಿಂದ ತಿನ್ನಾಕತ್ತಿ?"

"ಎರಡ ವರ್ಷ ಆತು. ಇಕಿ ಡಬ್ಬ್ಯಾಗ."

ನಾದಿನಿ ಮುಂದೆ ಬಂದಳು. "ನಾನ ಕೊಟ್ಟೇನ್ರಿ. ನಮ್ಮವ್ವ ಫೋನ್ಯಾಗ ಸುಳ್ಳ ಹೇಳಿದ್ಳು. ನಾವು ತಿಂತೀವ್ರಿ. ಇವತ್ತೂ ಮಾಡೇವಿ, ಬಚ್ಚಲದಾಗ ಮುಚ್ಚಿಟ್ಟೇವಿ," ಎಂದಳು. ಎರಡು ವರ್ಷ ಕಾದ ಹುಡುಗ ಕೈತಪ್ಪಿ ಹೋದ ಎಂದು ಅವಳಿಗೆ ಖಾತ್ರಿಯಾಗಿತ್ತು. ನಮಗೆಲ್ಲರಿಗೂ ಆಗಿತ್ತು.

ನನ್ನ ಗಂಡ ಏನು ಮಾಡಬೇಕೆಂದು ತೋಚದೆ, ಆ ತಾಯಿಯೇ ತಂದ ಕರದಂಟಿನ ಪೊಟ್ಟಣ ಬಿಚ್ಚಿ ಅವರ ಮುಂದೆಯೇ ಇಟ್ಟರು. ಯಾರೂ ಮುಟ್ಟಲಿಲ್ಲ.

"ನಮ್ಮವ್ವ ರೊಟ್ಟಿಗಿ ಇದನ್ನ ಸವರಿ ಸಾಲಿಗಿ ಕಟ್ಟಿಕೊಡ್ತಿದ್ಳು," ಎಂದರು ಆ ತಾಯಿ ಕೊನೆಗೆ, ಯಾರಿಗೆಂದಿಲ್ಲದೆ. "ಡಬ್ಬಿ ತೆಗದ್ರ ಬಾಜೂ ಕುಂತ ಹುಡಿಗ್ಯಾರು ಮೂಗ ಮುಚ್ಚಿ ಎದ್ದ ಹೋಗ್ತಿದ್ರು. ಹಂದಿ ತಿನ್ನಾಕಿ ಅಂತನ ಕರೀತಿದ್ರು. ನನ್ನ ಹೆಸರ ಹಿಡದ ಯಾರೂ ಕರೀಲಿಲ್ಲ, ಏಳನೇ ಇಯತ್ತೆ ಮುಗಿಯೂತನಕ. ಇಂವಾ ಹುಟ್ಟಿದ ದಿನ ಬಿಟ್ಟೆ. ನನ್ನ ಮಗಗ ಯಾರೂ ಹಂಗ ಅನಬಾರ್ದು ಅಂತ. ಮೊದ್ಲ ಹಂದಿ ಬಿಟ್ಟೆ, ಆಮ್ಯಾಲ ಕುರಿ, ಕೋಳಿ, ತತ್ತಿ. ಎಲ್ಲಾ ಬಿಟ್ಟೆ. ಆಸೆ ಆಗ್ತಿರ್ಲಿಲ್ಲ ಅಂತ ತಿಳದೀರೇನು? ನಮ್ಮ ಕ್ವಾರ್ಟರ್ಸಿನ ಹಿಂದಿನ ಓಣ್ಯಾಗ ಮಾಡಿದ್ರ, ನಾ ಒಗದ ಅರಬಿ ಒಣ ಹಾಕಾಕಂತ ಮಾಳಗಿ ಹತ್ತಿ ಸುಮ್ನ ನಿಂದರ್ತಿದ್ದೆ. ಆ ಗಾಳಿ ತಗೋಳಾಕ."

ಅವರ ದನಿ ಏರಿತು. "ನಾ ಅಷ್ಟೆಲ್ಲಾ ಬಾಯಿ ಕಟ್ಟಿ ಸಾಕಿದ್ದು ಇವಂಗ! ಇಂವಾ ನೋಡಿದ್ರ ಯಾರದೋ ಡಬ್ಬ್ಯಾಗ ಕೈ ಹಾಕಿ, ನಕ್ಕೋಂತ, ಆರಾಮ ತಿಂದಾನ! ಯಾರೂ ಇವಂಗ ಏನೂ ಅಂದಿಲ್ಲ! ಹಂಗಾರ ನಾ ಯಾಕ ಬಿಟ್ಟೆ?"

ಅವರಿಗೆ ನಮ್ಮ ಮೇಲೆ ಸಿಟ್ಟು ಬಂದಿದ್ದರೆ ತಾಳಿಕೊಳ್ಳಬಹುದಿತ್ತು. ಇದು ಬೇರೆಯೇ ಸಂಕಟ. ಮಗ ತಿಂದ ಎಂಬುದಕ್ಕಿಂತ, ತಿಂದರೂ ಅವನಿಗೆ ಏನೂ ಆಗಲಿಲ್ಲ ಎಂಬುದೇ ಅವರನ್ನು ಕೊಲ್ಲುತ್ತಿತ್ತು. ಮಗ ಅವರ ಪಕ್ಕದಲ್ಲಿ ಕೂತು ಸಣ್ಣ ಹುಡುಗನ ಹಾಗೆ ಅತ್ತ. ನಾದಿನಿ ಒಂದು ತಂಬಿಗೆ ನೀರು ತಂದು ಅವರ ಕೈಗೆ ಕೊಟ್ಟಳು. ಅವರು ಕುಡಿದರು. ತಂಬಿಗೆ ಹಿಂದಿರುಗಿಸುವಾಗ ಅವಳ ಕೈ ಹಿಡಿದುಕೊಂಡರು.

"ಮದುವಿ ಆಗ್ಲಿ. ನಾ ಬ್ಯಾಡ ಅನ್ನಂಗಿಲ್ಲ. ಆದರ ನನ್ನ ಮನ್ಯಾಗ ಇದನ್ನ ಮಾಡಬ್ಯಾಡವ್ವಾ. ಇಲ್ಲಿ ಬಂದ ಇಬ್ರೂ ತಿಂದ ಬರ್ರಿ, ಯಾರ್ದೂ ಹೆದರಿಕಿ ಇಲ್ದ ತಿನ್ರಿ."

ಅತ್ತೆ ಆ ಕ್ಷಣವೇ ಕೈ ಮುಗಿದರು. ನಾದಿನಿ ಮುಗಿಯಲಿಲ್ಲ. ಅವಳಿಗೆ ಉತ್ತರ ಬೇಕಿತ್ತು. "ಯಾಕ್ರಿ? ನಿಮಗೂ ಬೇಕಂದ್ರ ನಾನ ಮಾಡಿ ಹಾಕ್ತೇನಿ. ಇನ್ನ ಯಾರ ಅನ್ನೋರು?" ಎಂದಳು.

"ಮಾಡಿದ್ರ ನಾ ತಿಂದಬಿಡ್ತೇನಿ," ಎಂದರು ಅವರು. "ಈಗ ತಿಂದ್ರ, ಇಷ್ಟ ವರ್ಷ ಬಿಟ್ಟಿದ್ದೆಲ್ಲಾ ಏನಾತು? ನನಗ ನಾನ ಏನ ಹೇಳ್ಕೊಳ್ಳಿ?"

"ಆತ್ರಿ," ಎಂದಳು ಜಗಳಗಂಟಿ ನಾದಿನಿ. ಮುಚ್ಚಿಡುವುದಿಲ್ಲ ಎಂದು ಜೀವನಪೂರ್ತಿ ಹಟ ಮಾಡಿದವಳು ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ಮತ್ತೊಮ್ಮೆ ದಿಗಿಲಾಯಿತು.

ಮದುವೆಯಾಯಿತು. ನಾದಿನಿ ಹುಕ್ಕೇರಿಯ ಮನೆಯಲ್ಲಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ರಜೆ ಸಿಕ್ಕ ಭಾನುವಾರ ಗಂಡಹೆಂಡತಿ ಇಬ್ಬರೂ ನಮ್ಮಲ್ಲಿಗೆ ಬಂದು ಹೊಟ್ಟೆತುಂಬ ಉಂಡು ಹೋಗುತ್ತಾರೆ. ನಾನು ಎರಡೂ ಡಬ್ಬಿಗಳಿಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ. ಪಕ್ಕದ ಮನೆಯಾಕೆ ಅದನ್ನು ಓದಿದಳು, ಏನೂ ಅನ್ನಲಿಲ್ಲ. ಮರುದಿನ ಎಂದಿನಂತೆ ಹೂವು ತಂದಿಟ್ಟಳು, ಆದರೆ ಆ ಡಬ್ಬಿಗಳಿಂದ ದೂರ, ಫ್ರಿಜ್‌ನ ಕೆಳಗಿನ ಅರೆಯಲ್ಲಿ. ಅತ್ತೆ ಅದನ್ನು ನೋಡಿ ಎರಡು ದಿನ ಊಟ ಬಿಟ್ಟರು, ಮೂರನೇ ದಿನ ಸುಮ್ಮನಾದರು.

ಮೊನ್ನೆ ಒಂದು ಭಾನುವಾರ ನಾದಿನಿಗೂ ಅವಳ ಗಂಡನಿಗೂ ಡ್ಯೂಟಿ ಇತ್ತು. ಅವರು ಬರುವುದಿಲ್ಲ ಎಂದು ಗೊತ್ತಿದ್ದರೂ ನಮ್ಮ ಮನೆಯವರ ಪಾಲಿಗೆ ಖಂಡ ತಂದಾಗಿತ್ತು. ಬೇಳೆಯ ಡಬ್ಬಿ ತೆಗೆಯಲು ಪಡಸಾಲೆಗೆ ಬಂದರೆ, ತೆರೆದ ಬಾಗಿಲಲ್ಲಿ ಆ ತಾಯಿ ಒಬ್ಬರೇ ಚೀಲ ಹಿಡಿದು ನಿಂತಿದ್ದಾರೆ! ಅತ್ತೆ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಓಡಿದರು.

"ಇರ್ಲಿ ಬಿಡ್ರಿ, ಮಾಡ್ರಿ. ಇವತ್ತ ಮಾಡೂ ದಿನ ಅಲ್ಲಾ?" ಎಂದರು ಅವರು. ಒಳಗೆ ಬಂದು, ಒಲೆಯ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತರು. "ನಾ ಇಲ್ಲಿ ಸುಮ್ನ ಕುಂದರ್ತೇನಿ."

ಅವರ ಎದುರಿನಲ್ಲಿ ಅಡುಗೆ ಮಾಡುವುದು ನನಗೆ ಪರೀಕ್ಷೆಗೆ ಕೂತ ಹಾಗಾಯಿತು. ಕುಕ್ಕರಿನ ಮುಚ್ಚಳ ತೆಗೆದಾಗ ಆವಿ ಮೇಲೆದ್ದಿತು. ಅವರು ಕಣ್ಣು ಮುಚ್ಚಿದರು. ಪುಂಡಿ ಸೊಪ್ಪು ಹಾಕಿ ಮಗುಚಿದೆ, ರೊಟ್ಟಿ ಬಡಿದೆ. ಬೇಡವೆಂದಾರು ಎಂದು ಗೊತ್ತಿದ್ದರೂ ತಾಟಿಗೆ ಬಡಿಸಿ ಅವರ ಕೈಗೆ ಕೊಟ್ಟೆ. ಎರಡೂ ಕೈಯಿಂದ ಹಿಡಿದು, ಮುಖದ ಹತ್ತಿರ ತಂದು, ಒಂದು ದೀರ್ಘ ಉಸಿರು ಎಳೆದುಕೊಂಡು ನನಗೇ ಹಿಂದಿರುಗಿಸಿದರು.

"ನನಗ ರೊಟ್ಟಿ, ಶೇಂಗಾ ಚಟ್ನಿ ಕೊಡ್ರಿ. ಇದನ್ನ ನೀವ ಉಣ್ರಿ, ನಾ ನೋಡ್ತೇನಿ."

ನಾನು ಉಂಡೆ. ಬಿಟ್ಟಿದ್ದರೆ ಅವರಿಗೆ ಇನ್ನೂ ಕಷ್ಟವಾಗುತ್ತಿತ್ತು.

"ಮೆತ್ತಗ ಬೆಂದೈತೇನ್ರಿ?"

"ಹೂಂ ರಿ."

"ಹುಳಿ?"

"ಬರೋಬರಿ ಐತ್ರಿ."

"ಇನ್ನೊಂದ ತುಂಡ ಹಾಕೋರಿ," ಎಂದು ತಾವೇ ಸೌಟು ಹಿಡಿದು ನನ್ನ ತಾಟಿಗೆ ಬಡಿಸಿದರು. ಸೌಟಿನ ಅಂಚಿಗೆ ಅಂಟಿದ್ದ ರಸ ನೆಲಕ್ಕೆ ಬೀಳದಂತೆ ಬೆರಳಿನಿಂದ ಒರೆಸಿದರು. ಆ ಬೆರಳು ಮೇಲಕ್ಕೆ ಹೋಯಿತು. ತುಟಿಯ ತನಕ ಹೋಯಿತು. ನಾನು ತುತ್ತು ಹಿಡಿದುಕೊಂಡು ಹಾಗೇ ಕೂತಿದ್ದೆ.

ಅವರು ಕೈ ಕೆಳಗಿಳಿಸಿ, ಎದ್ದು, ಬಚ್ಚಲಿಗೆ ಹೋದರು. ಅಲ್ಲಿ ಅವರು ಸಾಬೂನು ಹಚ್ಚಿ ಕೈ ತೊಳೆದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.